ಗಣಿತ ಕೈಬಿಡಿಸಿದರೆ ಓದು ಸುಲಭವಾಗುತ್ತದೆಯೇ?

(ಹುಡುಗನ ಹೆಸರು, ಊರು ಮತ್ತು ಮನೆಯವರ ವಿವರಗಳನ್ನು ಬದಲಿಸಲಾಗಿದೆ.)

ಒಂಬತ್ತನೆಯ ತರಗತಿಯ ಚೇತನ್ ತಾಯಿಯೊಂದಿಗೆ, ಕಲಿಕೆಯ ತೊಂದರೆಯಿರುವ ಮಕ್ಕಳಿಗೆ ಸಲಹೆ ನೀಡುವ ನನ್ನ ಬಳಿ ಬರುವ ಹೊತ್ತಿಗೆ ಅವನ ಬಗ್ಗೆ ಎಲ್ಲರ ತೀರ್ಪೂ ಹೊರಬಿದ್ದಾಗಿತ್ತು. ತಂದೆಯ ಲೆಕ್ಕದಲ್ಲಿ ಅವನು ಸೋಮಾರಿ. ಮುಖ್ಯ ಶಿಕ್ಷಕರ ಪ್ರಕಾರ ಟಿ.ಸಿ. ಪಡೆದು, ತಾನೇ ಓದಿಕೊಂಡು ಪರೀಕ್ಷೆ ಬರೆಯುವ ಮುಕ್ತ ಶಾಲೆಗೆ ಹೋಗಬೇಕಾದವನು. ಇಲ್ಲೇ ಇರುವುದಾದರೆ ಗಣಿತ, ವಿಜ್ಞಾನ ಬಿಟ್ಟು ಪರ್ಯಾಯ ವಿಷಯ ತೆಗೆದುಕೊಳ್ಳಬೇಕಾದವನು. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಸೋದರಮಾವನಿಗೆ ಓದಿನ ಗೊಡವೆಯೇ ಬೇಕಿರಲಿಲ್ಲ. ಹುಡುಗನನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಾನು ಕೇಳಿದಾಗ ತಡವರಿಸದೆ ಹೇಳಿದ: "ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗಬೇಕು."

ಏಳನೆಯ ತರಗತಿಯ ಸಮಾಜ ವಿಜ್ಞಾನದ ಒಂದು ಪುಟ ಓದಲು ಕೊಟ್ಟೆ. ಅಕ್ಷರ ಅಕ್ಷರ ಕೂಡಿಸಿ ಓದಿದ. ಒತ್ತಕ್ಷರ ಬಂದಲ್ಲೆಲ್ಲ ನಿಂತ. ಪ, ಷ, ಫ ಅದಲುಬದಲಾದವು, ಮ ಮತ್ತು ವ ಕೂಡ. ಪುಟದ ಕೊನೆ ತಲುಪುವಾಗ ಮೊದಲ ಸಾಲಿನಲ್ಲಿ ಏನಿತ್ತೆಂಬುದು ಮರೆತುಹೋಗಿತ್ತು. ಅದೇ ಪುಟವನ್ನು ನಾನು ಓದಿ ಹೇಳಿದಾಗ ಕೇಳಿದ ಎಲ್ಲ ಪ್ರಶ್ನೆಗಳಿಗೂ ಬಾಯಲ್ಲಿ ಉತ್ತರಿಸಿದ, ಒಂದೆರಡು ಕಡೆ ನನಗೇ ಮರುಪ್ರಶ್ನೆ ಹಾಕಿದ. ಗಣಿತದಲ್ಲೂ ಹಾಗೆಯೇ. ಸಮೀಕರಣ ಬರೆದುಕೊಟ್ಟರೆ ಬಿಡಿಸುತ್ತಾನೆ, ಅದನ್ನೇ ಐದು ಸಾಲಿನ ಲೆಕ್ಕವಾಗಿ ಕೊಟ್ಟರೆ ಪೆನ್ನು ಕೆಳಗಿಡುತ್ತಾನೆ, ಓದಿ ಹೇಳಿದರೆ ಮತ್ತೆ ಬಿಡಿಸುತ್ತಾನೆ. ಡೇರಿಯ ಹಾಲಿನ ಲೆಕ್ಕವನ್ನು ಕೊಬ್ಬಿನ ಅಂಶದ ದರದ ಸಮೇತ ಮನೆಯಲ್ಲಿ ಇಡುವವನು ಅವನೇ ಎಂದು ತಾಯಿ ನಡುವೆ ಹೇಳಿದರು. ಅದನ್ನು ಅವರು ಶಾಲೆಯಲ್ಲಿ ಎಂದೂ ಹೇಳಿರಲಿಲ್ಲ. ಓದಿಗೂ ಹಾಲಿನ ಲೆಕ್ಕಕ್ಕೂ ಏನು ಸಂಬಂಧ ಎಂಬುದು ಅವರ ಭಾವನೆ.

ಡಿಸ್ಲೆಕ್ಸಿಯಾ (ಬುದ್ಧಿ ಸಹಜವಾಗಿದ್ದರೂ ಓದು, ಬರಹ ಕಷ್ಟವಾಗುವ ಕಲಿಕಾ ನ್ಯೂನತೆ) ಇರಬಹುದೆಂಬ ಗುಮಾನಿಗೆ ಇಷ್ಟು ಸಾಕು, ಪ್ರಮಾಣಪತ್ರಕ್ಕೆ ಸಾಲದು. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಕ್ರಮಬದ್ಧ ಮೌಲ್ಯಮಾಪನಕ್ಕೆ ಕಳುಹಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ. ಖಾಸಗಿ ಮನಶ್ಶಾಸ್ತ್ರಜ್ಞರ ವರದಿ ಶಿಕ್ಷಕರಿಗೆ ಉಪಯುಕ್ತ, ಆದರೆ ಪರೀಕ್ಷಾ ರಿಯಾಯಿತಿಗೆ ಅಧಿಕೃತ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರವೇ ಬೇಕು. ತಂದೆ ಅಡ್ಡ ನಿಂತದ್ದು ಇಲ್ಲಿಯೇ. "ಕೈಕಾಲು ಗಟ್ಟಿಯಿರುವ ಮಗನಿಗೆ ಅಂಗವಿಕಲರ ಕಾರ್ಡ್ ಮಾಡಿಸಬೇಕೇ? ಮಗಳ ಮದುವೆಗೆ ಬರುವವರು ಏನೆಂದಾರು?" ಮಾನದ ಪ್ರಶ್ನೆಯನ್ನು ಕಾನೂನಿನ ಪುಸ್ತಕ ತೋರಿಸಿ ಬಗೆಹರಿಸಲಾಗದು. ಕಾರ್ಡ್ ಶಾಲೆಯ ಕಡತದಲ್ಲಿರುತ್ತದೆ, ಅದನ್ನು ಬೀಗರಿಗೆ ತೋರಿಸಬೇಕೆಂಬ ನಿಯಮವಿಲ್ಲ ಎಂದೆ. ಒಪ್ಪಲಿಲ್ಲ, ಆದರೆ ತಡೆಯಲೂ ಇಲ್ಲ. ವರದಿ ಬಂತು: ಬುದ್ಧಿಮಟ್ಟ ಸಹಜ, ಓದು ಮತ್ತು ಬರವಣಿಗೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ, ಗಣಿತದಲ್ಲಿ ಇಲ್ಲ.

ಅಂಗವಿಕಲರ ಕುರಿತ 1995ರ ಕಾಯ್ದೆಯಲ್ಲಿ ಈ ನ್ಯೂನತೆಗೆ ಜಾಗವೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಇದೂ ಸೇರಿದೆ. ಅದರ 17ನೆಯ ಸೆಕ್ಷನ್ ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಸೂಕ್ತ ಮಾರ್ಪಾಡು ಮಾಡಬೇಕೆನ್ನುತ್ತದೆ. ಹೆಚ್ಚುವರಿ ಸಮಯ, ವಿದ್ಯಾರ್ಥಿ ಹೇಳಿದ್ದನ್ನು ಬರೆಯುವ ಲಿಪಿಕಾರರು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಎಂದು ಬಿಡಿಸಿ ಹೇಳುತ್ತದೆ. ಇಷ್ಟೂ ಲಭ್ಯ ಎಂದೊಡನೆ ಇಷ್ಟನ್ನೂ ಬಾಚಿಕೊಳ್ಳುವ ಆತುರ ಪೋಷಕರಿಗೆ ಬರುತ್ತದೆ. ಶಾಲೆಗೂ ಅದು ಅನುಕೂಲ, ಫಲಿತಾಂಶದ ಶೇಕಡಾವಾರು ಕೆಡುವುದಿಲ್ಲ. ನಾನು ತಡೆದದ್ದು ಈ ಆತುರವನ್ನು.

ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ನೋಡಿದವರಿಗೆ ಗಣಿತದ ಪಕ್ಕದಲ್ಲಿ ಸಮಾಜಶಾಸ್ತ್ರ, ವಿಜ್ಞಾನದ ಪಕ್ಕದಲ್ಲಿ ರಾಜ್ಯಶಾಸ್ತ್ರ ಮತ್ತು ಸಂಗೀತ ಕಂಡಿರಬಹುದು. ವಿಶೇಷ ಅಗತ್ಯವುಳ್ಳ ಮಕ್ಕಳಿಗಿರುವ ಪರ್ಯಾಯಗಳು ಅವು. ಲೆಕ್ಕವೇ ತಲೆಗೆ ಹತ್ತದ ಮಗುವಿಗೆ, ದೃಷ್ಟಿದೋಷವಿದ್ದು ಸಂಗೀತ ಒಲಿದ ಮಗುವಿಗೆ ಅದೊಂದು ವರ. ಆದರೆ ಚೇತನ್‌ಗೆ? ಅವನ ತೊಂದರೆ ಇರುವುದು ಓದು, ಬರಹದಲ್ಲಿ. ಅಂಥವನಿಂದ ಗಣಿತ ಕಿತ್ತುಕೊಂಡು ಪುಟಗಟ್ಟಲೆ ಓದಿ ಪ್ರಬಂಧದಂತೆ ಬರೆಯಬೇಕಾದ ಸಮಾಜಶಾಸ್ತ್ರ ಕೊಡುವುದೆಂದರೆ ಕಾಲು ನೋಯುವವನಿಂದ ಸೈಕಲ್ ಕಸಿದು ನಡೆದುಕೊಂಡು ಬಾ ಎಂದಂತೆ. ಐಟಿಐನ ಎಲೆಕ್ಟ್ರಿಷಿಯನ್, ಫಿಟ್ಟರ್ ವೃತ್ತಿಗಳಿಗೆ ವಿಜ್ಞಾನ ಮತ್ತು ಗಣಿತದೊಂದಿಗೆ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ಅರ್ಹತೆಯೂ ಇದೆ. ಸಮಾಜಶಾಸ್ತ್ರದಲ್ಲಿ ಪಾಸಾಗಿ, ಬೇಕಾದ ಬಾಗಿಲು ಮುಚ್ಚಿಕೊಂಡರೆ ಏನು ಬಂತು? ಇದನ್ನು ಮುಖ್ಯ ಶಿಕ್ಷಕರಿಗೆ ವಿವರಿಸಿದಾಗ ಅವರು ಐಟಿಐ ಪ್ರಕಟಣೆ ತರಿಸಿ ನೋಡಿದರು, ಮತ್ತೆ ಆ ಮಾತೆತ್ತಲಿಲ್ಲ.

ಹಾಗಾಗಿ ಗಣಿತ, ವಿಜ್ಞಾನ ಉಳಿಯಲಿ, ಅವನ್ನು ತಲುಪುವ ದಾರಿ ಬದಲಾಗಲಿ ಎಂದು ಬರೆದುಕೊಟ್ಟೆ. ಬಿಡುವುದಾದರೆ ತೃತೀಯ ಭಾಷೆ ಹಿಂದಿಯನ್ನು ಬಿಡಲಿ. ಕನ್ನಡ ಅಕ್ಷರಗಳಲ್ಲೇ ಮುಗ್ಗರಿಸುವವನಿಗೆ ಇಂಗ್ಲಿಷ್‌ನ ಮೇಲೆ ಮೂರನೆಯ ಲಿಪಿಯ ಹೊರೆ ಏಕೆ? ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನದಂಥ ವೃತ್ತಿ ವಿಷಯ ಕಲಿಯಬಹುದು. ಇವನ ಶಾಲೆಯಲ್ಲಿ ಅದಿರಲಿಲ್ಲ. ಹಿಂದಿಯ ಅವಧಿಯಲ್ಲಿ ಅವನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಬಾರದು, ಆಟದ ಮೈದಾನಕ್ಕೂ ಹೋಗಬಾರದು. ಆ ಅವಧಿ ಪೂರ್ತಿ ಒತ್ತಕ್ಷರದ ಓದಿಗೆ ಮೀಸಲು ಎಂಬ ಷರತ್ತು ಹಾಕಿದೆ. 'ದ್ಯುತಿಸಂಶ್ಲೇಷಣೆ'ಯಂಥ ಪದವನ್ನು ತುಂಡು ಮಾಡಿ, ಮಣ್ಣಿನಲ್ಲಿ ಬರೆದು, ಬಾಯಲ್ಲಿ ಹೇಳಿ ಮತ್ತೆ ಕೂಡಿಸುವ ಕೆಲಸ ಅದು. ತಾಲ್ಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ) ಶಿಕ್ಷಕಿ ಬಂದು ಕನ್ನಡ ಶಿಕ್ಷಕರಿಗೆ ಕ್ರಮ ತೋರಿಸಿಕೊಟ್ಟರು.

ತರಗತಿಗೆ ಕೇಳಿದ್ದು ಅಲ್ಪ: ಕಪ್ಪುಹಲಗೆಯ ಟಿಪ್ಪಣಿ ನಕಲು ಮಾಡಿಸದೆ ಗೆಳೆಯನ ಪುಸ್ತಕದ ಪ್ರತಿ ಕೊಡುವುದು, ಕಿರುಪರೀಕ್ಷೆಯ ಪ್ರಶ್ನೆಗಳನ್ನು ಓದಿ ಹೇಳುವುದು, ಎಲ್ಲರೆದುರು ಗಟ್ಟಿಯಾಗಿ ಓದಲು ನಿಲ್ಲಿಸದಿರುವುದು. ಕೊನೆಯದಕ್ಕೆ ಒಬ್ಬ ಶಿಕ್ಷಕರು, "ಹಾಗಾದರೆ ಹೆದರಿಕೆ ಹೋಗುವುದು ಹೇಗೆ?" ಎಂದರು. ಒಂಬತ್ತು ವರ್ಷ ನಿಲ್ಲಿಸಿ ಹೋಗದ ಹೆದರಿಕೆ ಹತ್ತನೆಯ ವರ್ಷಕ್ಕೆ ಹೋಗುತ್ತದೆಯೇ ಎಂದು ಕೇಳಬೇಕಾಯಿತು.

ಲಿಪಿಕಾರರ ವಿಷಯದಲ್ಲಿ ಹಲವರು ಎಡವುತ್ತಾರೆ. ಪರೀಕ್ಷೆಯ ದಿನ ಯಾರನ್ನೋ ಪಕ್ಕದಲ್ಲಿ ಕೂರಿಸಿದರೆ ಆಗದು. ಹೇಳಿ ಬರೆಸುವುದು ಕಲಿಯಬೇಕಾದ ವಿದ್ಯೆ: ಉತ್ತರವನ್ನು ಮನಸ್ಸಿನಲ್ಲಿ ಕಟ್ಟಿ, ವಾಕ್ಯವಾಗಿ ನಿಲ್ಲಿಸಿ ಹೇಳಬೇಕು, ಚಿತ್ರದ ಭಾಗ ಗುರುತಿಸಲು ತಿಳಿಸಬೇಕು, ಬರೆದದ್ದನ್ನು ಮತ್ತೆ ಓದಿಸಿ ಕೇಳಬೇಕು. ಒಂಬತ್ತನೆಯ ತರಗತಿಯ ಪರೀಕ್ಷೆಗಳಲ್ಲೇ ಅಭ್ಯಾಸ ಆರಂಭಿಸಿದೆವು. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯ ಹೇಳುತ್ತದೆ. ಆ ಸಮಯವನ್ನು ಬಳಸಲೂ ರೂಢಿ ಬೇಕು, ಇಲ್ಲವಾದರೆ ಹುಡುಗರು ಬೇಗ ಎದ್ದು ಬರುತ್ತಾರೆ.

ಮುಕ್ತ ಶಾಲೆಯನ್ನು ನಾನು ತಳ್ಳಿಹಾಕಲಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಐದು ವಿಷಯ ಆರಿಸಿಕೊಂಡು, ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳಲ್ಲಿ ಮುಗಿಸಬಹುದು. ಆದರೆ ಅಲ್ಲಿ ಕಲಿಕೆಯ ಬಹುಪಾಲು ಮುದ್ರಿತ ಪುಸ್ತಕವನ್ನು ತಾನೇ ಓದಿ ನಡೆಯಬೇಕು. ಮನೆಯಲ್ಲಿ ಓದಿ ಹೇಳುವವರಿಲ್ಲದ ಚೇತನ್ ಅಲ್ಲಿಗೆ ಹೋದರೆ ಆರು ತಿಂಗಳಲ್ಲಿ ಮಾವನ ಅಂಗಡಿಯಲ್ಲಿರುತ್ತಾನೆ ಎಂಬುದು ನನ್ನ ಅಂದಾಜು.

ಈಗ ಅವನು ಹತ್ತನೆಯ ತರಗತಿಯಲ್ಲಿದ್ದಾನೆ. ಭಾಷೆ ಮತ್ತು ಸಮಾಜ ವಿಜ್ಞಾನಕ್ಕೆ ಲಿಪಿಕಾರ ಬೇಕೆಂದು ಅರ್ಜಿ ಹೋಗಿದೆ. ಗಣಿತವನ್ನು ತಾನೇ ಬರೆಯುತ್ತೇನೆ, ಪ್ರಶ್ನೆ ಓದಿ ಹೇಳಿದರೆ ಸಾಕು ಎಂದು ಹಟ ಹಿಡಿದಿದ್ದಾನೆ. ವಿಜ್ಞಾನದ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡೂ ಬಗೆಯಲ್ಲಿ ಬರೆಸಿ ನೋಡಲು ಹೇಳಿದ್ದೇನೆ.