ಕೇಳದ ಪೇಪರ್ ಮನೆ ಮುಂದೆ ಬಿದ್ದರೆ ತಡೆಯಬಹುದೇ?

ಪ್ರಶ್ನೆ: ನಾವಿರುವುದು ಅಮೆರಿಕದ ಒಹಾಯೊದಲ್ಲಿ. ಚಂದಾ ಕಟ್ಟಿಲ್ಲ, ಕೇಳಿಯೂ ಇಲ್ಲ. ಆದರೂ ವಾರವಾರ ಒಂದು ಉಚಿತ ಪತ್ರಿಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಮ್ಮ ಡ್ರೈವ್‌ವೇಗೆ (ಮನೆ ಮುಂದೆ ಕಾರು ಬರುವ ದಾರಿಗೆ) ಎಸೆದು ಹೋಗುತ್ತಾರೆ. ರಜೆಗೆ ಊರಿಗೆ ಬಂದರೆ ಅಲ್ಲಿ ರಾಶಿ ಬೀಳುತ್ತದೆ. ಮನೆ ಖಾಲಿ ಅಂತ ಕಳ್ಳರಿಗೆ ಬೋರ್ಡ್ ಹಾಕಿದ ಹಾಗೆ! ನಗರಾಡಳಿತ ಇದನ್ನು ನಿಷೇಧಿಸಬಹುದೇ?

ಉತ್ತರ: ಪೂರ್ತಿ ನಿಷೇಧ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಜಾರ್ಜಿಯಾದ ಸಿಲ್ವೇನಿಯಾ ಎಂಬ ಊರು ಹಾಗೆ ಮಾಡಲು ಹೋಗಿ 1999ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಆದರೆ ಪೇಪರ್ ಎಲ್ಲಿ ಹಾಕಬೇಕು ಅಂತ ನಿಯಮ ಮಾಡಬಹುದು.

ನಿಮ್ಮ ಪಕ್ಕದ ಕೆಂಟಕಿಯ ಲೆಕ್ಸಿಂಗ್ಟನ್ 2017ರಲ್ಲಿ ಇದನ್ನೇ ಮಾಡಿತು. ಕೇಳದೆ ಕೊಡುವ ಪತ್ರಿಕೆ, ಕರಪತ್ರಗಳಿಗೆ ಆರೇ ದಾರಿ: ಮುಂಬಾಗಿಲ ಹತ್ತಿರದ ಜಗಲಿ, ಬಾಗಿಲಿಗೆ ಸಿಕ್ಕಿಸುವುದು, ಬಾಗಿಲಿನ ಟಪಾಲು ಕಿಂಡಿ, ಹೊರ-ಒಳ ಬಾಗಿಲುಗಳ ನಡುವೆ, ಪೇಪರ್ ಡಬ್ಬಿ, ಇಲ್ಲವೇ ಮನೆಯವರ ಕೈಗೇ ಕೊಡುವುದು. ಡ್ರೈವ್‌ವೇ ಈ ಪಟ್ಟಿಯಲ್ಲಿಲ್ಲ. ಉಚಿತ ವಾರಪತ್ರಿಕೆ ಹಂಚುತ್ತಿದ್ದ ಪ್ರಕಾಶಕರು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ ಕೋರ್ಟಿಗೆ ಹೋದರು. ಮೊದಲು ತಡೆಯಾಜ್ಞೆಯೂ ಸಿಕ್ಕಿತು. 2018ರಲ್ಲಿ ಆರನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ (ಕೆಲವು ರಾಜ್ಯಗಳಿಗೆ ಸೇರಿ ಇರುವ ಕೇಂದ್ರದ ಕೋರ್ಟ್) ಆ ತಡೆಯಾಜ್ಞೆಯನ್ನು ತೆಗೆದುಹಾಕಿತು. ಪತ್ರಿಕೆಯಲ್ಲಿ ಏನಿದೆ ಅಂತ ನಿಯಮ ನೋಡುವುದಿಲ್ಲ, ಕಸ ತಡೆಯುವುದು ಊರಿನ ನ್ಯಾಯವಾದ ಕಾಳಜಿ, ಓದುಗರನ್ನು ತಲುಪಲು ಬೇರೆ ದಾರಿಗಳಿವೆ ಎಂಬುದು ಅದರ ವಾದ. ಒಹಾಯೊ ಕೂಡ ಇದೇ ಕೋರ್ಟಿನ ವ್ಯಾಪ್ತಿಗೆ ಬರುತ್ತದೆ. ಹಾಗಾಗಿ ನಿಮ್ಮ ನಗರದ ಕೌನ್ಸಿಲ್ ಸದಸ್ಯರ ಮುಂದಿಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಸುಮ್ನೆ ಮೇಲ್‌ಬಾಕ್ಸ್‌ಗೇ ಹಾಕಬಾರದಾ ಅಂತೀರಾ? ಅಂಚೆ ಶುಲ್ಕ ಕಟ್ಟದೆ ಅದರೊಳಗೆ ಏನೂ ಹಾಕುವಂತಿಲ್ಲ, ಅದು ಕೇಂದ್ರದ ಕಾನೂನು. ಎಸೆದು ಹೋಗುವ ಚಾಳಿಗೆ ಇದೂ ಒಂದು ಕಾರಣ.

ನಿಯಮ ಬರುವ ತನಕ ನಿಮ್ಮ ಮಾತಿಗೂ ಬೆಲೆಯಿದೆ. ಒಹಾಯೊದ್ದೇ ಆದ ಸ್ಟ್ರದರ್ಸ್ ಪ್ರಕರಣದಲ್ಲಿ 1943ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕರಪತ್ರ ಕೊಡಲು ಮನೆಬಾಗಿಲು ತಟ್ಟಬಾರದು ಎಂಬ ಊರಿನ ಕಾನೂನನ್ನು ರದ್ದು ಮಾಡಿತು. ಬೇಕೋ ಬೇಡವೋ ಅನ್ನುವುದು ಮನೆಯವರಿಗೆ ಬಿಟ್ಟದ್ದು ಅಂದಿತು. ಆದ್ದರಿಂದ ‘ಬೇಡ’ ಅಂತ ಪ್ರಕಾಶಕರಿಗೆ ವಿಳಾಸ ಸಮೇತ ಬರೆದು ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಆಮೇಲೂ ಬಿದ್ದರೆ ಫೋಟೊ, ಆ ಪತ್ರ ಎರಡನ್ನೂ ಸೇರಿಸಿ ನಗರಾಡಳಿತಕ್ಕೆ ದೂರು ಕೊಡಿ. ಈ ಸಲ ಊರಿಗೆ ಹೊರಡುವ ಮುಂಚೆ ಮಾತ್ರ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಕೌನ್ಸಿಲ್ ಅಷ್ಟು ಬೇಗ ಕೂಡುವುದಿಲ್ಲ.