ಎಕ್ಮೊ ಮೇಲಿರುವವರಿಗೆ ಹೆಪಾರಿನ್ ಕೊಡುತ್ತಲೇ ಪ್ಲೇಟ್‌ಲೆಟ್ ಕೊಡುವುದು ಯಾಕೆ?

ತಂದೆಯವರು ಎಕ್ಮೊ (ರಕ್ತವನ್ನು ಹೊರತೆಗೆದು, ಆಮ್ಲಜನಕ ಸೇರಿಸಿ ವಾಪಸು ಕಳಿಸುವ ಯಂತ್ರ) ಮೇಲಿದ್ದಾರೆ, ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಹೋಗುತ್ತಿದೆ, ಮೂಗಿನಿಂದ ರಕ್ತ ಬರುತ್ತಿದೆ ಅಂತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ಟೂ ಹಾಕುತ್ತಿದ್ದಾರೆ. ಡಾಕ್ಟರುಗಳಲ್ಲೇ ಗೊಂದಲವೇ ಎಂದು ಕೇಳಿದ್ದೀರಿ. ಇಲ್ಲ. ಹೆಪ್ಪುಗಟ್ಟುವುದು, ರಕ್ತ ಸೋರುವುದು ಎರಡೂ ತೊಂದರೆ ಹುಟ್ಟುವುದು ಒಂದೇ ಕಡೆಯಿಂದ: ಆ ಯಂತ್ರದಿಂದ.

ರಕ್ತ ಪ್ಲಾಸ್ಟಿಕ್ಕಿಗೆ ತಾಗಿದ ಕೆಲವೇ ಸೆಕೆಂಡಿನಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನ್ ಕೊಳವೆಯ ಒಳಮೈಗೆ ಅಂಟುತ್ತದೆ, ಅದರ ಮೇಲೆ ಪ್ಲೇಟ್‌ಲೆಟ್ ಕೂರುತ್ತವೆ. ಹೆಪ್ಪು ಶುರುವಾಗುವುದು ಹೀಗೆ, ಹೆಪಾರಿನ್ ಕೊಡುವುದು ಅದಕ್ಕೇ. ದಿನಗಟ್ಟಲೆ ಹೀಗಾದರೆ ಹೆಪ್ಪುಗಟ್ಟಲು ಬೇಕಾದ ಸಾಮಾನೇ ಖರ್ಚಾಗಿ ಮೂಗು, ಕರುಳು, ಕ್ಯಾನ್ಯುಲಾ (ರಕ್ತನಾಳಕ್ಕೆ ತೂರಿಸುವ ದಪ್ಪ ಕೊಳವೆ) ಹಾಕಿದ ಜಾಗ ಸೋರತೊಡಗುತ್ತವೆ. ಜೊತೆಗೆ, ಗಾಯದ ಬಾಯಲ್ಲಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಡುವ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್‌ನ ಉದ್ದನೆಯ ಸರಪಳಿಗಳು ಪಂಪಿನ ರಭಸಕ್ಕೆ ತುಂಡಾಗುತ್ತವೆ. ಒಂದೆರಡು ದಿನದೊಳಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಹೀಗಾಗುತ್ತದೆ. ಮಾಮೂಲಿ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ರಿಪೋರ್ಟ್ ಸರಿಯಿದ್ದೂ ರಕ್ತ ನಿಲ್ಲದಿರುವುದಕ್ಕೆ ಇದೊಂದು ಕಾರಣ.

ಹೆಪಾರಿನ್ ಸಾಮಾನ್ಯವಾಗಿ ಕ್ಯಾನ್ಯುಲಾ ಹಾಕುವಾಗ ಕಿಲೋ ತೂಕಕ್ಕೆ 50–100 ಯೂನಿಟ್, ಆಮೇಲೆ ಗಂಟೆಗೆ ಕಿಲೋಗೆ 7.5–20 ಯೂನಿಟ್. ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಪರೀಕ್ಷೆ) 60–80 ಸೆಕೆಂಡ್ ಇಡುವುದು ವಾಡಿಕೆ. ರಕ್ತಸ್ರಾವ ಇದ್ದರೆ 40–60ಕ್ಕೆ ಇಳಿಸುತ್ತಾರೆ, ಇಲ್ಲವೇ ನಿಲ್ಲಿಸಿಯೇ ಬಿಡುತ್ತಾರೆ. ಕೆಲವು ಗಂಟೆಗಳಲ್ಲಿ ಅದರ ಪ್ರಭಾವ ಇಳಿದುಹೋಗುತ್ತದೆ. ಶ್ವಾಸಕೋಶಕ್ಕಷ್ಟೇ ನೆರವಾಗುವ ವಿವಿ ಎಕ್ಮೊದಲ್ಲಿ, ಹರಿವು ಚೆನ್ನಾಗಿದ್ದರೆ, ಹೆಪಾರಿನ್ ಇಲ್ಲದೆ ದಿನಗಟ್ಟಲೆಯೂ ನಡೆಸಬಹುದು. ಹೃದಯಕ್ಕೂ ನೆರವಾಗುವ ವಿಎ ಎಕ್ಮೊದಲ್ಲಿ ಅಷ್ಟು ಧೈರ್ಯ ಮಾಡುವುದು ಕಷ್ಟ; ಅಲ್ಲಿ ಹೆಪ್ಪು ಕಿತ್ತುಬಂದರೆ ನೇರ ಮಿದುಳಿಗೋ ಕಾಲಿಗೋ ಹೋಗುತ್ತದೆ.

ಎಪಿಟಿಟಿಯೊಂದನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಾದ ಫ್ಯಾಕ್ಟರ್‌ಗಳು ಖರ್ಚಾಗಿದ್ದರೆ ಹೆಪಾರಿನ್ ಕಮ್ಮಿಯಿದ್ದರೂ ಅದು ಏರುತ್ತದೆ. ಉರಿಯೂತದಲ್ಲಿ ಫ್ಯಾಕ್ಟರ್ 8 ಹೆಚ್ಚಿದ್ದರೆ ಹೆಪಾರಿನ್ ಸಾಕಷ್ಟಿದ್ದರೂ ಏರುವುದಿಲ್ಲ. ಜೊತೆಗೆ ಹೆಪಾರಿನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಆ್ಯಂಟಿ ಟೆನ್-ಎ ಪರೀಕ್ಷೆ ನೋಡಬೇಕು, ಗುರಿ ಮಿಲಿಲೀಟರಿಗೆ 0.3–0.7 ಯೂನಿಟ್. ಅದಕ್ಕೂ ತನ್ನದೇ ಮೋಸ ಇದೆ: ಕೆಂಪು ರಕ್ತಕಣಗಳು ಒಡೆಯುತ್ತಿದ್ದರೆ, ಬಿಲಿರುಬಿನ್ ಹೆಚ್ಚಿದ್ದರೆ ಸುಳ್ಳೇ ಕಡಿಮೆ ತೋರಿಸುತ್ತದೆ. ಆ ಅಂಕಿ ನೋಡಿ ಡೋಸ್ ಏರಿಸಿದರೆ ರಕ್ತಸ್ರಾವ ಕಟ್ಟಿಟ್ಟದ್ದು.

ನೀವು ಕೇಳಲೇಬೇಕಾದದ್ದು ಆಕ್ಸಿಜನೇಟರ್, ಅಂದರೆ ಯಂತ್ರದಲ್ಲಿ ರಕ್ತಕ್ಕೆ ಆಮ್ಲಜನಕ ಸೇರಿಸುವ ಭಾಗದ ಬಗ್ಗೆ. ಟಾರ್ಚ್ ಬಿಟ್ಟು ನೋಡಿದರೆ ಮೂಲೆಗಳಲ್ಲಿ ಸಣ್ಣ ಕಪ್ಪು ಹೆಪ್ಪುಗಳು ಕಾಣುವುದು ಮಾಮೂಲಿ. ರಕ್ತ ದೇಹಕ್ಕೆ ವಾಪಸು ಹೋಗುವ ಕಡೆ ಹೆಪ್ಪು ಕಂಡರೆ, ಅದೇ ಹರಿವಿಗೆ ಒಳ-ಹೊರ ಒತ್ತಡದ ಅಂತರ ಏರುತ್ತಿದ್ದರೆ, ಹೊರಬರುವ ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದರೆ ಅದರ ಆಯಸ್ಸು ಮುಗಿಯುತ್ತಿದೆ. ಇದರ ಜೊತೆ, ಹೆಪ್ಪು ಕರಗುವಾಗ ಹುಟ್ಟುವ ಡಿ-ಡೈಮರ್ ಏರಿ, ಪ್ಲೇಟ್‌ಲೆಟ್ಟೂ ಫೈಬ್ರಿನೋಜನ್ನೂ ಒಟ್ಟಿಗೇ ಬೀಳುತ್ತಿದ್ದರೆ ಯಂತ್ರವೇ ರಕ್ತವನ್ನು ತಿನ್ನುತ್ತಿದೆ ಎಂದರ್ಥ. ಆಗ ಎಷ್ಟು ಬಾಟಲಿ ಪ್ಲೇಟ್‌ಲೆಟ್ ಹಾಕಿದರೂ ಅಲ್ಲೇ ಹೋಗಿ ಕೂರುತ್ತವೆ. ಸರ್ಕ್ಯೂಟ್ (ಆಕ್ಸಿಜನೇಟರ್, ಕೊಳವೆಗಳು) ಬದಲಿಸಿದ ಮೇಲೆ ರಕ್ತಸ್ರಾವ ತಾನಾಗಿಯೇ ತಗ್ಗುವುದುಂಟು.

ಹೆಪಾರಿನ್ ಶುರುವಾಗಿ 5–10 ದಿನದ ಹೊತ್ತಿಗೆ ಪ್ಲೇಟ್‌ಲೆಟ್ ಅರ್ಧಕ್ಕಿಂತ ಕೆಳಗಿಳಿದರೆ ಹಿಟ್ (ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಕುಸಿಯುವುದು) ಎಂಬ ಪ್ರತಿಕ್ರಿಯೆಯ ಅನುಮಾನ ಪಡಬೇಕು. ಅನುಮಾನ ಬಲವಾಗಿದ್ದರೆ ಲೈನ್ ತೊಳೆಯುವ ಹೆಪಾರಿನ್ ಸಹ ನಿಲ್ಲಬೇಕು. ಬದಲಿಗೆ ಬೈವಲಿರುಡಿನ್ ಅಥವಾ ಅರ್ಗಟ್ರೊಬಾನ್.

ಇನ್ನು ಮೂಗು. ರಕ್ತ ಸುರಿಯುತ್ತಿರುವಾಗ ಪ್ಲೇಟ್‌ಲೆಟ್ ಕನಿಷ್ಠ 50,000, ಫೈಬ್ರಿನೋಜನ್ ಡೆಸಿಲೀಟರಿಗೆ 150–200 ಮಿಲಿಗ್ರಾಂಗಿಂತ ಮೇಲಿರಲಿ ಎಂದು ನೋಡುತ್ತಾರೆ. ಒಳಗೆ ಪ್ಯಾಕ್ ಇಟ್ಟು, ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅಲ್ಲೇ ಹಚ್ಚಿದರೆ ಎಷ್ಟೋ ಸಲ ನಿಲ್ಲುತ್ತದೆ. ಆ ಮೂಗಿನ ಹೊಳ್ಳೆಯಲ್ಲಿ ಹೊಸ ಕೊಳವೆ ತೂರಿಸಬಾರದು. ನಮಗೆ ನಿಜವಾದ ಭಯ ಇರುವುದು ಮಿದುಳಿನೊಳಗಿನ ರಕ್ತಸ್ರಾವದ್ದು. ಕಣ್ಣುಪಾಪೆಯನ್ನು ಗಂಟೆಗಂಟೆಗೂ ನೋಡುವುದು ಅದಕ್ಕೇ. ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ ಕಂಡರೆ ಹೆಪಾರಿನ್ ನಿಲ್ಲಿಸಿ ತಡಮಾಡದೆ ತಲೆಯ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.