ನವೆಂಬರದ ರೋಯಿಂಗ್ ರೇಸಿಗೆ ಚೀಲ ಕಟ್ಟೂದು

ತಮ್ಮಾ, ಧಾರವಾಡದಿಂದ ಇಂಗ್ಲೆಂಡಿಗೆ ಓದಲಿಕ್ಕೆ ಬಂದು ಎರಡು ತಿಂಗಳಾತು, ಕಾಲೇಜಿನ ರೋಯಿಂಗ್ ಕ್ಲಬ್ಬಿನಾಗ ಎಂಟು ಮಂದಿ ದೋಣಿಗೆ ಸೇರೀನಿ, ನವೆಂಬರದಾಗ ಮೊದಲನೇ ರೇಸ್ ಐತಿ, ಏನೇನು ಒಯ್ಯಬೇಕು ಅಂತ ಕೇಳೀದಿ. ಚಳಿಗಾಲದ ಈ ರೇಸಿಗೆ ಇಲ್ಲಿ ‘ಹೆಡ್’ ಅಂತಾರ. ದೋಣಿಗೋಳನ್ನ ಒಂದರ ಹಿಂದ ಒಂದು ಬಿಡತಾರ, ಕಡಿಮಿ ಹೊತ್ತಿನ್ಯಾಗ ಮುಟ್ಟಿದ ದೋಣಿ ಗೆದ್ದಂಗ. ಜೋರಲೆ ಹುಟ್ಟು ಹಾಕೂದು ಇಪ್ಪತ್ತು ನಿಮಿಷದ ಮಾತು. ಆದ್ರ ಸರದಿ ಬರೂತನಕ ನೀರಿನ ಮ್ಯಾಲೆ ಕುಂತಲ್ಲೇ ಒಂದು ತಾಸು ಕಾಯಬೇಕಾದೀತು. ಚೀಲ ಕಟ್ಟೂದು ಆ ಒಂದು ತಾಸಿನ ಸಲುವಾಗಿ.

ಹುಬ್ಬಳ್ಳಿ ಮಳ್ಯಾಗ ತೋಯಿಸಿಕೊಂಡ್ರ ಹತ್ತಿ ಅಂಗಿ ಮೈಮ್ಯಾಲೇ ಒಣಗತೈತಿ. ಇಲ್ಲಿ ಐದಾರು ಡಿಗ್ರಿಯೊಳಗ ಅದೇ ಅಂಗಿ ನೀರು ಹಿಡಕೊಂಡು ಮೈಯಾಗಿನ ಕಾವೆಲ್ಲಾ ಎಳಕೋತೈತಿ. ಹತ್ತಿ ಬನಿಯನ್, ಜೀನ್ಸ್ ರೂಮಿನ್ಯಾಗ ಬಿಡು. ಮೈಗೆ ಹತ್ತಿದಂಗ ಪಾಲಿಯೆಸ್ಟರ್ ಇಲ್ಲಾ ಮೆರಿನೊ ಉಣ್ಣಿ ಥರ್ಮಲ್, ಅದರ ಮ್ಯಾಲೆ ಕ್ಲಬ್ಬಿನ ಆಲ್-ಇನ್-ಒನ್ (ಅಂಗಿ-ಚಡ್ಡಿ ಕೂಡಿದ ಒಂದೇ ಬಿಗಿ ಅರಿವಿ), ಅದರ ಮ್ಯಾಲೆ ಗಾಳಿ ತಡಿಯೂ ಸ್ಪ್ಲ್ಯಾಶ್ ಟಾಪ್. ಮುಂದ ಕಿಸೆ ಇದ್ದ ಹೂಡಿ (ಟೊಪ್ಪಿಗಿ ಇರೂ ಸ್ವೆಟರ್), ದೊಗಳೆ ಜಾಕೀಟು ಹಾಕ್ಕೊಂಡು ಹುಟ್ಟು ಹಾಕೂದು ಬ್ಯಾಡೇ ಬ್ಯಾಡ. ಪ್ರತಿ ಎಳತದ ಕೊನಿಗೆ ಹುಟ್ಟಿನ ಹಿಡಿ ಹೊಟ್ಟಿ ತನಕ ಬರತೈತಿ. ಅದು ಕಿಸೇದಾಗ ಸಿಕ್ಕೊಂಡ್ರ ಹುಟ್ಟು ನೀರಿನಿಂದ ಹೊರಗ ಬರೂದಿಲ್ಲ, ಓಡೂ ದೋಣಿಯ ವೇಗಕ್ಕ ಹಿಡಿ ತಿರುಗಿ ನಿನಗ ಬಡೀತೈತಿ. ಕಾಯೂ ಹೊತ್ತಿನ್ಯಾಗ ಒಂದು ಹಳೇ ಫ್ಲೀಸ್ ಇರಲಿ. ರೇಸ್ ಶುರು ಆಗೂಕಿಂತ ಮೊದಲ ಬಿಚ್ಚಿ ಬಿಗಿ ಸುತ್ತಿ ಕಾಲಿನ ಆಚೆ ಕಡೆ ತುರುಕು, ಸೀಟಿನ ಗಾಲಿ ಓಡೂ ಹಳಿಗೆ ಅದರ ತೋಳು ಬಾರದಂಗ ನೋಡ್ಕೊ. ಕಾಕ್ಸ್ (ಹುಟ್ಟು ಹಾಕದ, ದೋಣಿಗೆ ದಾರಿ ಹಿಡಿಸಾಂವ) ಆಗಿ ಕುಂಡ್ರಿಸಿದ್ರ ಅರಿವಿ ದುಪ್ಪಟ್ಟು ಬೇಕು, ಕಾಕ್ಸ್ ಮೈ ಅಳ್ಳಾಡಸೂದೇ ಇಲ್ಲಲ್ಲ.

ಒಣ ಅರಿವಿ ಎರಡು ಸೆಟ್, ಬ್ಯಾರೆ ಬ್ಯಾರೆ ಪ್ಲಾಸ್ಟಿಕ್ ಚೀಲದಾಗ. ಕಾಲುಚೀಲ ಮೂರು ಜೋಡಿ. ದಂಡಿ ಮ್ಯಾಲೆ ಕೆಸರು ಇದ್ದೇ ಇರತೈತಿ, ಮೊಣಕಾಲ ತನಕ ಬರೂ ರಬ್ಬರ್ ಬೂಟು ಬೇಕು. ಕೈಗವಸು ಹಾಕ್ಕೊಂಡ್ರ ಹುಟ್ಟು ತಿರುವೂ ಹದ ಬೆರಳಿಗೆ ತಿಳಿಯೂದಿಲ್ಲ. ಅದಕ್ಕ ಇಲ್ಲಿ ‘ಪೋಗಿ’ ಅಂತ ಹಿಡಿಗೇ ತೊಡಿಸೂ ಚೀಲ ಸಿಗತಾವ, ಬರಿಗೈ ಅದರೊಳಗ ಇರತೈತಿ. ಬೊಕ್ಕಿ ಎದ್ದಲ್ಲೆ ಜಿಂಕ್ ಆಕ್ಸೈಡ್ ಟೇಪ್ ಸುತ್ತು.

ದೋಣಿ ಬಗ್ಗೆ ನೀ ಕೇಳಿಲ್ಲ, ಆದ್ರ ದಿನ ಕೆಡೂದು ಬಹಳ ಮಾಡಿ ಅಲ್ಲೇ. ಟ್ರೇಲರಿಗೆ ಏರಸೂ ಮುಂದ ರಿಗ್ಗರ್ (ದೋಣಿಯ ಪಕ್ಕಕ್ಕ ಚಾಚಿರೂ, ಹುಟ್ಟು ಹಿಡಿಯೂ ಚೌಕಟ್ಟು) ಎಲ್ಲಾ ಬಿಚ್ಚತಾರ, ಅಲ್ಲಿ ಮುಟ್ಟಿದ ಮ್ಯಾಲೆ ಮತ್ತ ಕೂಡಸಬೇಕು. 10 ಮತ್ತು 13 ಎಂ.ಎಂ. ಸ್ಪ್ಯಾನರ್ ಒಂದು ನಿನ್ನ ಹೆಸರಿಲೆ ಇರಲಿ, ಒಬ್ಬರದು ಇಸಗೊಂಡು ಎಂಟು ಮಂದಿ ಬಿಗಿ ಮಾಡೂದ್ರಾಗ ಹೊತ್ತು ಹೋಗತೈತಿ. ಮೊದಲ ಎಲ್ಲಾ ನಟ್ಟು ಬೆರಳಿಲೇ ತಿರುವು, ರಿಗ್ಗರ್ ಸರಿ ಕುಂತ ಮ್ಯಾಲೆ ಸ್ಪ್ಯಾನರ್. ಒಂದನ್ನ ಪೂರಾ ಬಿಗಿದು ಮುಂದಿನದಕ್ಕ ಹೋದ್ರ ಉಳಿದ ತೂತು ಕೂಡೂದಿಲ್ಲ, ಜುಲುಮಿ ಮಾಡಿದ್ರ ಬೋಲ್ಟಿನ ಥ್ರೆಡ್ ಸವೀತಾವ. ಹುಟ್ಟು ಕುಂಡ್ರೂ ಗೇಟಿನ ಬಾಯಿ ದೋಣಿಯ ಹಿಂಭಾಗದ ಕಡೆ ಇರಬೇಕು. ಆಮ್ಯಾಲೆ ತಪಾಸಣಿ: ಮೂತಿಗೆ ಬಿಳೇ ರಬ್ಬರ್ ಚೆಂಡು ಗಟ್ಟಿ ಐತೇನು, ಗಾಳಿ ತುಂಬಿದ ಖಾನೆಗಳ ಮುಚ್ಚಳ ಬಿಗಿ ಅದಾವೇನು, ದೋಣಿಯೊಳಗ ಜಡದಿರೂ ಬೂಟಿನ ಹಿಮ್ಮಡಕ್ಕ ದಾರ ಕಟ್ಟೈತೇನು. ಆ ದಾರ ಭಾಳ ಮುಖ್ಯ. ದೋಣಿ ಮುಗುಚಿದ್ರ ಅದು ಬೂಟಿನ ಹಿಮ್ಮಡ ಹಿಡದು ನಿಲ್ಲಸತೈತಿ, ಕಾಲು ತಾನೇ ಕಳಚಿ ಬರತೈತಿ. ದಾರ ಹರಿದಿದ್ರ ನೀರಿಗೆ ಇಳಿಯಬ್ಯಾಡ.

ಧಾರವಾಡದಾಗ ಕೆರಿ ಅದಾವ, ದೊಡ್ಡ ಹೊಳಿ ಇಲ್ಲ. ಈಜು ಬಾರದಿದ್ರ ಈಗಲೇ ಕೋಚಿಗೆ ಹೇಳು. ಮೈಮ್ಯಾಲೆ ಅರಿವಿ ಇದ್ದಂಗ 50 ಮೀಟರ್ ಈಜೂದು ಬರಬೇಕು.

ಊಟದ್ದು: ರೇಸಿನ ಮೂರು ತಾಸು ಮೊದಲ ಹೊಟ್ಟಿ ತುಂಬ, ಒಂದು ತಾಸು ಮೊದಲ ಒಂದು ಬಾಳಿಹಣ್ಣು. ಒಗ್ಗರಣಿ ಅವಲಕ್ಕಿ, ಚಿತ್ರಾನ್ನ ಛಲೋ, ಖಾರ ಮತ್ತ ಎಣ್ಣಿ ಕಡಿಮಿ ಇರಲಿ. ಊರಿಂದ ಕಟ್ಟಿಸಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿ, ಆದ್ರ ರೇಸ್ ಮುಗಿದ ಮ್ಯಾಲೆ ತಿನ್ನು. ನಾರು, ಜಿಡ್ಡು ಎರಡೂ ನಿಧಾನ ಕರಗತಾವ, ಎಳಿಯೂ ಮುಂದ ಹೊಟ್ಟಿ ಹಿಡೀತೈತಿ. ಥರ್ಮಾಸಿನ್ಯಾಗ ಸಿಹಿ ಚಹಾ ಇರಲಿ.

ಕೈಲೆ ಉಣ್ಣೂ ನಮಗ ಇನ್ನೊಂದು ಕಾಳಜಿ ಬೇಕು. ಹೊಳಿ ನೀರಾಗ ಇಲಿ ಉಚ್ಚಿ ಕೂಡಿರತೈತಿ, ಅದರಿಂದ ಲೆಪ್ಟೊಸ್ಪೈರೋಸಿಸ್, ಅಂದ್ರ ಇಲಿ ಜ್ವರ, ಬರತೈತಿ. ಒಡದ ಬೊಕ್ಕಿ, ಗಾಯದ ಮ್ಯಾಲೆ ನೀರು ಹೋಗದ ಪಟ್ಟಿ ಹಚ್ಚು, ರೊಟ್ಟಿ ಮುರಿಯೂಕಿಂತ ಮೊದಲ ಸಾಬೂನು ಹಚ್ಚಿ ಕೈ ತೊಳಿ. ಮುಂದ ಒಂದು ತಿಂಗಳೊಳಗ ಜ್ವರ, ತಲಿನೋವು, ಮೀನಖಂಡದ ನೋವು ಕೂಡೇ ಬಂದ್ರ ಸಾದಾ ಫ್ಲೂ ಅಂತ ಊರಿಂದ ತಂದ ಗುಳಿಗಿ ನುಂಗಿ ಮಲಗಬ್ಯಾಡ. ಡಾಕ್ಟರ್ ಕಡೆ ಹೋಗಿ, ಹೊಳ್ಯಾಗ ರೋಯಿಂಗ್ ಮಾಡತೀನಿ ಅಂತ ನೀನೇ ಬಾಯಿ ಬಿಟ್ಟು ಹೇಳು, ಇಲ್ಲಂದ್ರ ಅವರಿಗೆ ಆ ಸಂಶಯ ಬರೂದಿಲ್ಲ.